ಮನೆ ಕಾಯುತ್ತಿದ್ದವಳು ಮದುವೆಗೆ ಹೊರಟಳು

ನನ್ನ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಬಾಕಿ ಇದ್ದಾಗಿನ ಮಾತು. ಕೋವಿಡ್ ಕಾಲ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ಚಿಕ್ಕೋಡಿ ಭಾಗದ ಒಂದು ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ವಿಭಾಗದ ಕಿರಿಯ ತರಬೇತಿ ಅಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಮಾತ್ರ ಸರಳ. ಹುಡುಗ ಹುಡುಗಿಯರಿಗೆ ಬೆಸುಗೆ ಹಾಕುವುದು, ಮೀಟರ್ ಹಿಡಿಯುವುದು, ಕೆಟ್ಟದ್ದು ಎಲ್ಲಿ ಕೆಟ್ಟಿದೆ ಎಂದು ತಾಳ್ಮೆಯಿಂದ ಹುಡುಕುವುದು, ಇಷ್ಟನ್ನು ಕಲಿಸಬೇಕು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದೆ. ಆ ಅವಧಿಯಲ್ಲಿ ರಿಪೇರಿ ಮಾಡಿದ, ಜೋಡಿಸಿದ ಯಂತ್ರಗಳ ಲೆಕ್ಕ ನನಗೆ ನೆನಪಿಲ್ಲ. ಆದರೆ ಕಾಗವಾಡದ ಹತ್ತಿರ ಒಂದು ತೋಟದ ಮನೆಗೆ ಕೂಡಿಸಿದ ಕಳ್ಳರ ಗಂಟೆಯೊಂದನ್ನು ಮರೆತಿಲ್ಲ. ಅದರ ವಿಷಯ ಯಾವಾಗ ಹೇಳಹೊರಟರೂ ಮೊದಲು ನಗು ಬರುತ್ತದೆ.

ಮಾರ್ಚ್ ತಿಂಗಳ ಕೊನೆಯ ಶನಿವಾರ ನನ್ನ ಹಳೆಯ ವಿದ್ಯಾರ್ಥಿನಿ ದೀಪಾ ವರ್ಕ್‌ಶಾಪಿಗೆ ಬಂದಳು. ನಮ್ಮಲ್ಲಿ ಎರಡು ವರ್ಷ ಕಲಿತು, ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದವಳು. ಮದುವೆ ಗೊತ್ತಾಗಿದೆ, ಮೇ ತಿಂಗಳಲ್ಲಿ ಎಂದು ಹೇಳಿ, ಚೀಲದೊಳಗಿಂದ ಲಗ್ನಪತ್ರಿಕೆ ತೆಗೆಯುತ್ತಾಳೆ ಅಂದುಕೊಂಡರೆ ಒಂದು ರಟ್ಟಿನ ಪೆಟ್ಟಿಗೆ ತೆಗೆದಳು. ಆನ್‌ಲೈನಿನಲ್ಲಿ ತರಿಸಿದ, ನಾವೇ ಕೂಡಿಸಿಕೊಳ್ಳುವ ಹೋಮ್ ಸೆಕ್ಯುರಿಟಿ ಅಲಾರ್ಮ್ ಕಿಟ್. ಒಳಗೆ ಎಲ್ಲ ಸೆನ್ಸರುಗಳ ಸುದ್ದಿ ಬಂದು ಸೇರುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಹಬ್, ನಂಬರ್ ಒತ್ತುವ ಕೀಪ್ಯಾಡ್, ಒಂದು ಸೈರನ್, ಬಾಗಿಲಿಗೆ ಹಚ್ಚುವ ಎಂಟು ಸೆನ್ಸರ್, ಮನುಷ್ಯರ ಚಲನೆ ಗುರುತಿಸುವ ಮೂರು ಸೆನ್ಸರ್.

ಅವಳಿಗೆ ಇದನ್ನು ಕೂಡಿಸಲು ನನ್ನ ಸಹಾಯವೇ ಬೇಕಾಗಿರಲಿಲ್ಲ. ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ನನ್ನನ್ನು ಬಾಯಾರ ಎಂದು ಕರೆದು ಅವಳೇ ಅದನ್ನು ಹೇಳಿದಳು. "ಬಾಯಾರ, ಕೂಡ್ಸಾಕ ನನಗ ಬರ್ತೈತ್ರಿ. ಆದ್ರ ನಾ ಕೂಡ್ಸಿದ್ರ ಮನ್ಯಾಗ ಯಾರೂ ನಂಬೂದಿಲ್ಲ. ನೀವು ಬಂದ್ರ ನಂಬ್ತಾರ. ನನ್ನ ಮದುವಿಗಿ ಕಲಾ ಅತ್ತಿ ಬರಬೇಕ್ರಿ."

ಅಲಾರ್ಮಿಗೂ ಅತ್ತೆ ಮದುವೆಗೆ ಬರುವುದಕ್ಕೂ ಏನು ಸಂಬಂಧ ಎಂದು ಕೇಳಿದೆ. ಆಗ ಅವಳು ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು.

ಅವಳ ಮನೆ ದ್ರಾಕ್ಷಿ ತೋಟದ ನಡುವಿನದು. ದೊಡ್ಡಪ್ಪ ಅಣ್ಣಾಸಾಹೇಬರು ಮನೆಯ ಹಿರಿಯರು. ಅವರ ತಮ್ಮ ಮಲಗೌಡರು ದೀಪಾಳ ಅಪ್ಪ. ಇಬ್ಬರ ನಡುವೆ ಹುಟ್ಟಿದವಳು ಕಲಾವತಿ, ದೀಪಾಳ ಸೋದರತ್ತೆ. ಇಪ್ಪತ್ಮೂರು ವರ್ಷದ ಹಿಂದೆ ಮನೆಯವರೆಲ್ಲ ನಿಪ್ಪಾಣಿಯ ಒಂದು ಮದುವೆಗೆ ಹೋದಾಗ ಕಳ್ಳತನವಾಗಿ, ಅಜ್ಜಿಯ ಒಡವೆಗಳೆಲ್ಲ ಹೋದವು. ಅಂದಿನಿಂದ ಮನೆ ಬಿಟ್ಟು ಎಲ್ಲರೂ ಒಟ್ಟಿಗೆ ಹೋಗಕೂಡದು, ಒಬ್ಬರಾದರೂ ಕಾಯಬೇಕು ಎಂದು ಅಜ್ಜಿ ಕಟ್ಟಳೆ ಮಾಡಿದರು. ಅದೇ ವರ್ಷ ಕಲಾವತಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಕಾಯುವ ಕೆಲಸ ಯಾರ ಪಾಲಿಗೆ ಬಂತು ಎಂದು ಬಿಡಿಸಿ ಹೇಳಬೇಕಿಲ್ಲ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾದರೂ ಆ ಕಟ್ಟಳೆ ಮಾತ್ರ ಉಳಿದಿತ್ತು. ಆ ಮನೆಯವರದೇ ಆರು ಮದುವೆಗಳಾದವು. ಆರಕ್ಕೂ ಕಲಾವತಿ ಕಟ್ಟೆಯ ಮೇಲೆ ನಿಂತು ಗಾಡಿಗಳಿಗೆ ಕೈಬೀಸಿ ಕಳಿಸಿದ್ದಳು. ಸಂಜೆ ಬುಂದಿ ಲಾಡು ಕಟ್ಟಿಸಿಕೊಂಡು ತರುತ್ತಿದ್ದರು. ಅವಳು ಲಾಡು ಪಕ್ಕಕ್ಕಿಟ್ಟು, ಯಾರು ಯಾವ ಸೀರೆ ಉಟ್ಟಿದ್ದರು, ಅಡಿಗೆ ಹೇಗಿತ್ತು, ಮದುಮಗಳು ಅತ್ತಳೋ ಇಲ್ಲವೋ ಎಂದು ಒಂದೊಂದಾಗಿ ಕೇಳುತ್ತಿದ್ದಳಂತೆ.

"ಮನಿ ಕಾಯೂದು ಒಂದ ನೆಪಾನೂ ಐತ್ರಿ ಬಾಯಾರ," ಎಂದಳು ದೀಪಾ. "ಗಂಡ ಇಲ್ಲದಾಕಿ ಮುಂದ ಬರಬಾರದು ಅಂತ ಬಾಯಿಬಿಟ್ಟ ಅನ್ನೂ ಧೈರ್ಯ ಈಗ ಯಾರಿಗೂ ಇಲ್ಲ. ಮನಿ ಯಾರ ಕಾಯಾವ್ರು ಅಂತಾರ. ಆ ನೆಪ ತಗದ್ರ ಉಳದದ್ದು ತಾನ ಬೀಳ್ತೈತಿ."

ಮರುದಿನ ಭಾನುವಾರ ನಾನು ಬಸ್ ಹಿಡಿದು, ಕೃಷ್ಣೆಯ ಸೇತುವೆ ದಾಟಿ, ಅವರ ಮನೆಗೆ ಹೋದೆ. ಕಲ್ಲಿನ ದಪ್ಪ ಗೋಡೆಯ ಹಳೆಯ ಭಾಗ ಮುಂದೆ, ಇಟ್ಟಿಗೆಯ ಹೊಸ ಕೋಣೆಗಳು ಹಿಂದೆ, ಅದಕ್ಕೂ ಹಿಂದೆ ತಗಡಿನ ಮಾಡಿನ ಒಂದು ದೊಡ್ಡ ಕೋಣೆ. ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಕೋಲ್ಡ್ ಸ್ಟೋರೇಜಿಗೆ ಕಳಿಸುವ ಮೊದಲು ಅಲ್ಲಿ ಇಡುತ್ತಿದ್ದರು. ಅಣ್ಣಾಸಾಹೇಬರು ನನ್ನನ್ನು ಮರ್ಯಾದೆಯಿಂದಲೇ ಕೂಡಿಸಿ ಚಹಾ ಕೊಡಿಸಿದರು. ಆದರೆ ಕಿಟ್ ನೋಡಿ ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಈ ಪ್ಲಾಸ್ಟಿಕ್ ಡಬ್ಬಿ ಕಳ್ಳನನ್ನು ಹಿಡಿಯುತ್ತದೆಯೇ ಎಂದು ಕೇಳಿದರು. ಹಿಡಿಯುವುದಿಲ್ಲ, ಬರೀ ಒದರುತ್ತದೆ, ಹಿಡಿಯುವುದು ಅಕ್ಕಪಕ್ಕದವರ ಕೆಲಸ ಎಂದೆ. ಈ ಉತ್ತರ ಅವರಿಗೆ ಸ್ವಲ್ಪ ಹಿಡಿಸಿದಂತೆ ಕಂಡಿತು. ಮಾಡಿ ನೋಡ್ರಿ ಎಂದು ಎದ್ದು ತೋಟಕ್ಕೆ ಹೋದರು.

ಇಂಥ ಕೆಲಸದಲ್ಲಿ ಮೊದಲ ಹೆಜ್ಜೆ ನಕ್ಷೆ. ಒಂದು ಹಾಳೆಯ ಮೇಲೆ ಮನೆಯ ಆಕಾರ ಬರೆದು, ಒಳಗೆ ಬರಬಹುದಾದ ಜಾಗಗಳನ್ನೆಲ್ಲ ಗುರುತು ಹಾಕಿ, ಒಂದೊಂದಕ್ಕೂ ಒಂದು ನಂಬರ್ ಕೊಡಬೇಕು. ಅದಕ್ಕೆ ಝೋನ್ ಎನ್ನುತ್ತಾರೆ. ಗಂಟೆ ಬಾರಿಸಿದಾಗ ಯಾವ ಝೋನ್ ಎಂದು ಫೋನಿಗೆ ತಿಳಿಯುತ್ತದೆ. ನಾನು ಮನೆ ಸುತ್ತಿ ಬಂದು ಎಂಟು ಗುರುತು ಹಾಕಿದೆ. ಅಷ್ಟು ಹೊತ್ತೂ ಐವತ್ತು ದಾಟಿದ ಒಬ್ಬ ಹೆಂಗಸು, ಕೈಯಲ್ಲಿ ಮೊರ ಹಿಡಿದು, ಏನೂ ಮಾತಾಡದೆ ನನ್ನ ಹಿಂದೆಯೇ ಸುತ್ತುತ್ತಿದ್ದಳು. ನಕ್ಷೆ ಮುಗಿಸಿ ಪೆನ್ನು ಮುಚ್ಚಿದಾಗ ಬಾಯಿ ತೆರೆದಳು.

"ಬಾಯಾರ, ನೀವು ಬಾಗಲಾ ಎಣಿಸೀರಿ. ಕಳ್ಳ ಬಾಗಲಾ ಎಣಿಸೂದಿಲ್ರಿ."

ಅವಳೇ ಕಲಾವತಿ. ನನ್ನನ್ನು ಬಚ್ಚಲಿನ ಹಿಂದೆ ಕರೆದುಕೊಂಡು ಹೋಗಿ ಒಂದು ಸಣ್ಣ ಕಿಟಕಿ ತೋರಿಸಿದಳು. ಸರಳು ಗಟ್ಟಿಯಾಗಿಯೇ ಕಾಣುತ್ತಿದ್ದವು. ಅವಳು ಒಂದನ್ನು ಹಿಡಿದು ತಿರುಗಿಸಿದಳು, ಅದು ಕೈಗೆ ಬಂತು. ಆಮೇಲೆ ಮೇವಿನ ಅಟ್ಟಕ್ಕೆ ಹತ್ತುವ ಏಣಿ ತೋರಿಸಿದಳು. ಅಲ್ಲಿಂದ ಒಬ್ಬ ಮನುಷ್ಯ ನಡುಮನೆಗೆ ಇಳಿಯಬಹುದಿತ್ತು. ನನ್ನ ನಕ್ಷೆಯಲ್ಲಿ ಎರಡೂ ಇರಲಿಲ್ಲ. ಬದಲಿಗೆ ನಾನು ಗುರುತು ಹಾಕಿದ್ದ ಪಕ್ಕದ ಎರಡು ಕಿಟಕಿಗಳ ಮುಂದೆ ಎಮ್ಮೆ ಕಟ್ಟುತ್ತಾರೆ, ಹೊಸಬರು ಬಂದರೆ ಅವು ಸುಮ್ಮನಿರುವುದಿಲ್ಲ, ಅಲ್ಲಿ ಸೆನ್ಸರ್ ಹಾಕಿ ಯಾಕೆ ಹಾಳು ಮಾಡುತ್ತೀರಿ ಎಂದಳು. ನಾನು ಹಾಳೆ ತಿರುಗಿಸಿ ಮತ್ತೆ ಮೊದಲಿನಿಂದ ನಕ್ಷೆ ಬರೆದೆ. ಈ ಸಲ ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ.

ಹಿತ್ತಲ ಬಾಗಿಲ ಹತ್ತಿರ ಬಂದಾಗ ಅಗಳಿಯ ಪಕ್ಕ ಒಂದು ಹಿತ್ತಾಳೆ ತಂಬಿಗೆ ಕಂಡಿತು. ಇಲ್ಲೇಕೆ ಎಂದು ಕೇಳಿದೆ. ಒಬ್ಬಳೇ ಇದ್ದಾಗ ಅದನ್ನು ಅಗಳಿಯ ಮೇಲೆ ಬೋರಲು ಇಡುತ್ತಾಳಂತೆ. ಬಾಗಿಲು ಒಂದು ಬೆರಳಷ್ಟು ಸರಿದರೂ ಅದು ಕಲ್ಲಿನ ಮೇಲೆ ಬಿದ್ದು ಮನೆಯೆಲ್ಲ ಸಪ್ಪಳವಾಗುತ್ತದೆ. ಹೊಸ್ತಿಲಾಚೆ ರಂಗೋಲಿ ಪುಡಿ ತೆಳ್ಳಗೆ ಹರಡಿಡುವ ಅಭ್ಯಾಸವೂ ಇತ್ತು. ಹೆಜ್ಜೆ ಮೂಡಿದ್ದರೆ ಬೆಳಿಗ್ಗೆ ಗೊತ್ತಾಗುತ್ತದೆ.

ನನ್ನ ವಿದ್ಯಾರ್ಥಿಗಳಿಗೆ ಬಾಗಿಲಿನ ಸೆನ್ಸರ್ ವಿವರಿಸಲು ಅರ್ಧ ಗಂಟೆ ಬೇಕಾಗುತ್ತಿತ್ತು. ಅದರಲ್ಲಿ ಎರಡು ತುಂಡುಗಳಿರುತ್ತವೆ. ಒಂದು ಆಯಸ್ಕಾಂತ, ಅದು ಬಾಗಿಲಿಗೆ. ಇನ್ನೊಂದು ಸ್ವಿಚ್, ಅದು ಚೌಕಟ್ಟಿಗೆ. ಎರಡೂ ಹತ್ತಿರವಿದ್ದಷ್ಟು ಹೊತ್ತು ಶಾಂತಿ. ದೂರ ಸರಿದರೆ ಹಬ್‌ಗೆ ಸುದ್ದಿ. ಕಲಾವತಿಗೆ ಇಷ್ಟು ಹೇಳುವುದರೊಳಗೆ ಅವಳು ತಲೆಯಾಡಿಸಿ, ಇದು ತಂಬಿಗೆಯೇ, ಬಿದ್ದದ್ದನ್ನು ಫೋನಿಗೆ ಹೇಳುತ್ತದೆ ಅಷ್ಟೇ ಎಂದಳು. ದೀಪಾ ನನ್ನ ಮುಖ ನೋಡಿ ನಕ್ಕಳು. ಕಿಟ್ಟಿನ ಸ್ಕ್ರೂಡ್ರೈವರನ್ನು ನಾನು ಕಲಾವತಿಯ ಕೈಗೆ ಕೊಟ್ಟೆ. ಕೂಡಿಸುವವಳು ಅವಳೇ, ನಾನು ಪಕ್ಕದಲ್ಲಿ ನಿಂತು ಹೇಳುವವಳು ಎಂದು ಅಲ್ಲೇ ತೀರ್ಮಾನವಾಯಿತು.

ಕಿಟ್ಟಿನ ಜೊತೆ ಬಂದ ಚಿತ್ರಗಳಲ್ಲಿ ಎಲ್ಲವೂ ಸಲೀಸು. ಹಿಂದಿನ ಟೇಪ್ ಸುಲಿದು ಗೋಡೆಗೆ ಒತ್ತಿದರೆ ಮುಗಿಯಿತು. ಆದರೆ ಸುಣ್ಣದ ಗೋಡೆಗೆ ಆ ಟೇಪ್ ಹಿಡಿಯುವುದಿಲ್ಲ. ಸಂಜೆಯೊಳಗೆ ಸುಣ್ಣದ ಹೊಪ್ಪಳಿಕೆ ಸಮೇತ ಕಳಚಿ ಬಿತ್ತು. ಡ್ರಿಲ್ ತರಿಸಿ, ತೂತಿನಲ್ಲಿ ಸ್ಕ್ರೂ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಗಿಟ್ಟಿ ಬಡಿದು, ಸ್ಕ್ರೂ ಹಾಕಿದೆವು. ತಗಡಿನ ಕೋಣೆಯ ಬಾಗಿಲು ಕಬ್ಬಿಣದ್ದು. ಕಬ್ಬಿಣದ ಮೇಲೆ ನೇರವಾಗಿ ಕೂಡಿಸಿದ ಆಯಸ್ಕಾಂತದ ಸೆಳೆತ ಕುಗ್ಗುತ್ತದೆ. ನಡುವೆ ಒಂದು ಮರದ ಚಕ್ಕೆ ಕೊಟ್ಟು ಎತ್ತರಿಸಿದೆವು. ಮುಂದಿನ ಪಡಸಾಲೆಯಲ್ಲಿಟ್ಟ ಹಬ್‌ಗೆ ಕಲ್ಲಿನ ಗೋಡೆ ದಾಟಿ ಆ ಕೋಣೆಯ ಸಂಕೇತ ತಲುಪುತ್ತಿರಲಿಲ್ಲ. ಅದನ್ನು ನಡುಮನೆಯ ಗೋಡೆಯಲ್ಲಿ ದೀಪ ಇಡುವ ಮಾಡದೊಳಗೆ ಇಟ್ಟಾಗ ತಲುಪಿತು. ಕರೆಂಟ್ ಹೋದರೂ ಹಬ್‌ನ ಬ್ಯಾಟರಿ ಎಂಟು ಗಂಟೆ ನಡೆಯುತ್ತದೆ, ವೈಫೈ ಇಲ್ಲದಿದ್ದರೆ ಒಳಗಿನ ಸಿಮ್ ಕಾರ್ಡಿನಿಂದ ಕರೆ ಹೋಗುತ್ತದೆ. ಇದನ್ನೆಲ್ಲ ಕಲಾವತಿ ದೀಪಾಳ ಹಳೆಯ ನೋಟ್‌ಬುಕ್ಕಿನಲ್ಲಿ ತನ್ನ ದಪ್ಪ ಅಕ್ಷರದಲ್ಲಿ ಬರೆದುಕೊಂಡಳು.

ಎರಡನೆಯ ಭಾನುವಾರ ಕೆಲಸ ಮುಗಿಯಿತು. ಮುಂಬಾಗಿಲಿಗೆ ಮಾತ್ರ ಮೂವತ್ತು ಸೆಕೆಂಡಿನ ಅವಕಾಶ ಕೊಟ್ಟೆವು. ಮನೆಯವರು ಬೀಗ ತೆಗೆದು ಒಳಗೆ ಬಂದು, ಅಷ್ಟರೊಳಗೆ ಕೀಪ್ಯಾಡಿನಲ್ಲಿ ನಾಲ್ಕು ಅಂಕಿ ಒತ್ತಬೇಕು. ಉಳಿದ ಯಾವ ಬಾಗಿಲು ತೆರೆದರೂ ತಕ್ಷಣ ಸೈರನ್. ಅಂಕಿಯನ್ನು ಕಲಾವತಿ ತಾನೇ ಆರಿಸಿ ಎಲ್ಲರಿಗೂ ಬಾಯಿಪಾಠ ಮಾಡಿಸಿದಳು. ಅಣ್ಣಾಸಾಹೇಬರು ಮಾತ್ರ ಕಲಿಯಲು ಒಪ್ಪಲಿಲ್ಲ.

"ನನ್ನ ಮನಿಯೊಳಗ ಹೋಗಾಕ ನಾ ನಂಬರ್ ಒತ್ತಬೇಕೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಹೋದರು.

ಗಂಟೆ ಬಾರಿಸಿದಾಗ ಓಡಿ ಬರುವವರು ಯಾರು ಎಂಬುದು ಸೆನ್ಸರಿಗಿಂತ ಮುಖ್ಯ. ಕೇಳುವವರಿಲ್ಲದ ಅಲಾರ್ಮ್ ಬರೀ ಗದ್ದಲ. ಪಕ್ಕದ ತೋಟದ ಜೈನಾಬಿ ಆ ಕೆಲಸ ಒಪ್ಪಿಕೊಂಡರು. ಕಲಾವತಿಗೆ ಅವರು ಇಪ್ಪತ್ತು ವರ್ಷದ ಗೆಳತಿ. ಮನೆಯಲ್ಲಿ ಒಬ್ಬಳೇ ಉಳಿದ ದಿನಗಳಲ್ಲೆಲ್ಲ ಬೇಲಿ ದಾಟಿ ಬಂದು ಜೊತೆಗೆ ಊಟ ಮಾಡುತ್ತಿದ್ದವರು. ಸೈರನ್ ಕೇಳಿದರೆ ಮೊದಲು ಗಂಡನನ್ನೂ ಆಳುಗಳನ್ನೂ ಕೂಗಬೇಕು, ಒಬ್ಬರೇ ಹೋಗಬಾರದು, ಹೊರಗಿನಿಂದ ನೋಡಿ ಕಲಾವತಿಗೆ ಫೋನ್ ಮಾಡಬೇಕು ಎಂದು ಹೇಳಿಕೊಟ್ಟೆ. ಬಡಿಗೆ ತರಬಹುದೇ ಎಂದು ಕೇಳಿದರು. ತರಬಹುದು ಎಂದೆ.

ಇಲ್ಲಿಗೆ ಎಲ್ಲ ಸುಸೂತ್ರ ಎಂದುಕೊಂಡರೆ ಮೂರನೆಯ ವಾರ ದೀಪಾಳ ಫೋನ್ ಬಂತು. ತಗಡಿನ ಕೋಣೆಯೊಳಗಿನ ಚಲನೆಯ ಸೆನ್ಸರ್, ಯಾರೂ ಇಲ್ಲದಿದ್ದರೂ, ಪರೀಕ್ಷೆಗೆ ಹಚ್ಚಿಟ್ಟ ದಿನಗಳಲ್ಲಿ ಮಧ್ಯಾಹ್ನ ಎರಡು ಮೂರು ಸಲ ಕೂಗುತ್ತಿತ್ತು. ಎಮ್ಮೆಗಳು ಹಗ್ಗ ಜಗ್ಗುತ್ತಿದ್ದವು. ಜೈನಾಬಿ ಒಂದೇ ದಿನ ಮೂರು ಸಲ ಬಡಿಗೆ ಹಿಡಿದು ಓಡಿ ಬಂದಿದ್ದರು. ಅಣ್ಣಾಸಾಹೇಬರು ಇನ್ನೊಂದು ಸಲ ಸುಳ್ಳು ಕೂಗಿದರೆ ಕಿತ್ತೊಗೆಯಿರಿ, ಕಲಾವತಿ ಮನೆಯಲ್ಲೇ ಇರಲಿ ಎಂದು ಹೇಳಿಬಿಟ್ಟಿದ್ದರು. ಮದುವೆಗೆ ಉಳಿದದ್ದು ಹದಿನೆಂಟು ದಿನ.

ಆ ವಾರ ನನಗೆ ಪರೀಕ್ಷೆಯ ಕೆಲಸ, ಹೋಗಲು ಆಗಲಿಲ್ಲ. ಫೋನಿನಲ್ಲೇ ಕಲಾವತಿಗೆ ಆ ಸೆನ್ಸರಿನ ಗುಟ್ಟು ಹೇಳಿದೆ. ಅದಕ್ಕೆ ಕಣ್ಣಿಲ್ಲ, ಮನುಷ್ಯನನ್ನು ನೋಡುವುದಿಲ್ಲ. ಮೈಯ ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದದ್ದನ್ನು ಮಾತ್ರ ಗುರುತಿಸುತ್ತದೆ. ಹಾಗಾಗಿ ಅಲ್ಲಿ ಬಿಸಿಯಾದದ್ದು ಯಾವುದೋ ಅಲುಗಾಡುತ್ತಿರಬೇಕು, ಅದನ್ನು ಹುಡುಕಬೇಕು ಎಂದೆ. ಸೈರನ್ ಬಂದ್ ಮಾಡಿ, ಸೆನ್ಸರಿನ ಕೆಂಪು ದೀಪ ಯಾವಾಗ ಮಿಣುಕುತ್ತದೆ ನೋಡು ಎಂದು ಹೇಳಿ ಫೋನಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಭರವಸೆ ಇರಲಿಲ್ಲ. ಇಂಥ ದೋಷ ಹುಡುಕುವಾಗ ಅನುಭವಿ ಟೆಕ್ನಿಷಿಯನ್ನರೇ ಬೇಸತ್ತು ಸೆನ್ಸರ್ ಬದಲಿಸಿಬಿಡುತ್ತಾರೆ.

ಕಲಾವತಿ ಎರಡು ಮಧ್ಯಾಹ್ನ ಆ ಕೋಣೆಯ ಬಾಗಿಲಲ್ಲಿ, ಸೆನ್ಸರಿನ ನೋಟಕ್ಕೆ ಬೀಳದ ಹಾಗೆ, ಗೋಡೆಗೆ ಆತು ಕುಳಿತಳು. ಗಡಿಯಾರ ನೋಡಿ ಬರೆದಳು. ದೀಪ ಹತ್ತಿದಾಗಲೆಲ್ಲ ಏನಾಯಿತು ಎಂದು ಎದುರಿಗೆ ಬರೆದಳು. ಮೂರನೆಯ ದಿನ ಅವಳ ಫೋನ್ ಬಂತು.

"ಬಾಯಾರ, ಸಿಕ್ಕೈತ್ರಿ. ಗ್ವಾಡಿಗಿ ಹಸರ ಜಾಳಗಿ ಬಿಟ್ಟಾರ. ಮಧ್ಯಾನ್ನ ತಗಡ ಕಾಯ್ತೈತಿ, ಜಾಳಗೀನೂ ಕಾಯ್ತೈತಿ. ಗಾಳಿ ಬಂದ್ರ ಅದು ಮನಷ್ಯಾ ನಡದಂಗ ಅಲಗತೈತ್ರಿ. ತಗದ್ ಸುತ್ತಿಟ್ಟೀನಿ. ಇವತ್ತ ಮಿಣಕಿಲ್ಲ."

ದ್ರಾಕ್ಷಿ ಒಣಗಿಸುವಾಗ ನೆರಳಿಗೆ ಕಟ್ಟುವ ಹಸಿರು ಬಲೆ ಅದು. ಸುಗ್ಗಿ ಮುಗಿದ ಮೇಲೆ ಯಾರೋ ಅದನ್ನು ತಗಡಿನ ಕೆಳಗೆ ತೂಗುಹಾಕಿ ಮರೆತಿದ್ದರು. ನನ್ನ ಕೈಕೆಳಗೆ ಎರಡು ವರ್ಷ ಕಲಿತವರಲ್ಲಿ ಎಷ್ಟು ಜನ ಹೀಗೆ ಎರಡು ಮಧ್ಯಾಹ್ನ ಕುಳಿತು ಬರೆಯುತ್ತಿದ್ದರು ಎಂದು ಯೋಚಿಸಿದೆ. ಕಾದು ಕುಳಿತು ನೋಡುವುದು ಅವಳಿಗೆ ಅಭ್ಯಾಸವಾದ ಕೆಲಸ. ಈ ಸಲ ಅದೇ ಕೆಲಸ ಅವಳ ಪಾಲಿಗೆ ಬಿಡುಗಡೆ ತಂದಿತ್ತು. ಆ ದಿನದಿಂದ ಮದುವೆಯವರೆಗೆ ಸೈರನ್ ಒಮ್ಮೆಯೂ ಸುಳ್ಳು ಕೂಗಲಿಲ್ಲ. ಅಣ್ಣಾಸಾಹೇಬರ ಬಳಿ ಬೇರೆ ನೆಪ ಉಳಿಯಲಿಲ್ಲ.

ಮದುವೆ ಅಥಣಿಯ ಹೊರವಲಯದ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಛತ್ರದಲ್ಲಿ. ಮನೆಯಿಂದ ಮೂವತ್ತು ಕಿಲೋಮೀಟರಿನ ಸುಮಾರು. ದೀಪಾಳ ಹಟಕ್ಕೆ ನಾನು ಹಿಂದಿನ ದಿನವೇ ಹೋಗಿ ಉಳಿದಿದ್ದೆ. ಬೆಳಿಗ್ಗೆ ಎಂಟಕ್ಕೆ ಎರಡು ಗಾಡಿ ತುಂಬ ಜನ ಹತ್ತಿ ಕುಳಿತರು. ಒಳಗೆ ಉಳಿದವಳು ಕಲಾವತಿ ಒಬ್ಬಳೇ. ನೇರಳೆ ಬಣ್ಣದ ಇಳಕಲ್ ಸೀರೆ ಉಟ್ಟಿದ್ದಳು. ಬಾಗಿಲುಗಳನ್ನೆಲ್ಲ ಒಮ್ಮೆ ನೋಡಿ, ಕೀಪ್ಯಾಡಿನ ಮುಂದೆ ನಿಂತು, ಅಂಕಿ ಒತ್ತಿದಳು. ಹೊರಗೆ ಹೋಗಲು ಒಂದು ನಿಮಿಷ ಸಮಯವಿರುತ್ತದೆ, ಅಷ್ಟು ಹೊತ್ತು ಹಬ್ ಸಣ್ಣಗೆ ಬೀಪ್ ಬೀಪ್ ಎನ್ನುತ್ತದೆ. ಗಾಡಿಯೊಳಗಿದ್ದವರೆಲ್ಲ ಮಾತು ನಿಲ್ಲಿಸಿ ಆ ಸಪ್ಪಳ ಕೇಳುತ್ತಿದ್ದರು. ಅವಳು ಆತುರಪಡದೆ ಹೊರಗೆ ಬಂದು, ಬೀಗ ಹಾಕಿ, ಜಗ್ಗಿ ನೋಡಿ, ಕಟ್ಟೆಯ ತುದಿಗೆ ಬಂದು ನಿಂತಳು.

ಅಲ್ಲಿ ಅವಳ ಕಾಲು ನಿಂತುಬಿಟ್ಟವು. ಇಪ್ಪತ್ಮೂರು ವರ್ಷ ಅದೇ ಜಾಗದಲ್ಲಿ ನಿಂತು ಕೈಬೀಸಿದ್ದವಳು. ಕೈ ಅರ್ಧ ಎತ್ತಿದ್ದಳು ಕೂಡ. ಅರಿಶಿಣ ಹಚ್ಚಿದ ಮೈಯಲ್ಲೇ ದೀಪಾ ಗಾಡಿಯಿಂದ ಇಳಿದು ಹೋಗಿ, ಆ ಎತ್ತಿದ ಕೈಯನ್ನು ಹಿಡಿದು ಕರೆತಂದು, ತನ್ನ ಪಕ್ಕ ಕೂಡಿಸಿಕೊಂಡಳು. ಬೀಪ್ ನಿಂತಿತು. ಗಾಡಿ ಹೊರಟಿತು. ದಾರಿಯುದ್ದಕ್ಕೂ ಕಲಾವತಿ ಕಿಟಕಿಯಾಚೆ ನೋಡುತ್ತ, ಈ ಬಾವಿ ಯಾರದು, ಈ ಹೊಸ ಮನೆ ಯಾವಾಗ ಕಟ್ಟಿದರು ಎಂದು ಕೇಳುತ್ತಲೇ ಇದ್ದಳು.

ಕಾರ್ಯಾಲಯದಲ್ಲಿ ಅವಳು ತಾನಾಗಿ ಕಡೆಯ ಸಾಲಿನ ಕುರ್ಚಿ ಹಿಡಿದಳು. ದೀಪಾ ಹೇಳಿ ಕಳಿಸಿ ಮುಂದಿನ ಸಾಲಿಗೆ ಕರೆಸಿದಳು. ನಾನು ಪಕ್ಕದಲ್ಲಿ ಕುಳಿತೆ. ಅಕ್ಕಿಕಾಳು, ಅಂದರೆ ಅಕ್ಷತೆ, ಹಾಕುವ ಮುಹೂರ್ತ ಹನ್ನೆರಡೂವರೆಗೆ. ಕೆಂಪಾಗಿಸಿದ ಅಕ್ಕಿಯನ್ನು ಎಲ್ಲರ ಕೈಗೂ ಹಂಚುತ್ತ ಬಂದರು. ಕಲಾವತಿ ಬೊಗಸೆ ಒಡ್ಡಿ ಇಸಿದುಕೊಂಡಳು. ಮಂಗಲಾಷ್ಟಕ ಶುರುವಾಗುವುದಕ್ಕೆ ಕೆಲವೇ ನಿಮಿಷ ಇರುವಾಗ ಅವಳ ಮಡಿಲಿನಲ್ಲಿದ್ದ ಫೋನ್ ಕಿರುಚಿತು. ಪರದೆಯ ಮೇಲೆ ಕೆಂಪು ಅಕ್ಷರ. ಝೋನ್ ನಾಲ್ಕು, ತಗಡಿನ ಕೋಣೆಯ ಬಾಗಿಲು.

ಮನೆಯಲ್ಲಿ ಯಾರೂ ಇಲ್ಲ ಎಂದು ಊರಿಗೆಲ್ಲ ಗೊತ್ತಿರುವ ದಿನ ಅದು. ಸುದ್ದಿ ಎರಡು ಸಾಲು ದಾಟುವಷ್ಟರಲ್ಲಿ ವೇದಿಕೆಯ ಮೇಲಿನ ಮಲಗೌಡರ ಕಿವಿಗೂ ಬಿತ್ತು. ಅವರು ಕೆಳಗೆ ಬಗ್ಗಿ, ಅಕ್ಕಾ, ಗಾಡಿ ತೆಗೆಸಲೇ ಎಂದು ಕೇಳಿದರು. ಅವರು ಕೆಟ್ಟವರಲ್ಲ. ಮನೆಗೆ ಏನಾದರೂ ಆದರೆ ಹೋಗುವವಳು ಅಕ್ಕ ಎಂಬುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು. ಸುತ್ತಲಿನವರೂ ಅವಳಿಗೆ ದಾರಿ ಬಿಟ್ಟು ಕಾಲು ಮಡಚಿಕೊಂಡರು. ಕಲಾವತಿ ಎದ್ದು ನಿಂತಳು. ವೇದಿಕೆಯ ಕಡೆ ಒಮ್ಮೆ ನೋಡಿದಳು. ಮತ್ತೆ ಕುಳಿತಳು.

"ನಾ ಎಲ್ಲೂ ಹೋಗೂದಿಲ್ಲ ಮಲಗೌಡ. ನೋಡೂ ವ್ಯವಸ್ಥಾ ಮಾಡೀನಿ," ಎಂದಳು.

ಎಡಗೈಯಲ್ಲಿ ಅಕ್ಕಿ ಹಾಗೇ ಇತ್ತು. ಬಲಗೈಯಲ್ಲಿ ಜೈನಾಬಿಗೆ ಫೋನ್ ಹಚ್ಚಿ, ಗದ್ದಲದಲ್ಲಿ ಕೇಳಲೆಂದು ಸ್ಪೀಕರಿಗೆ ಹಾಕಿದಳು. ಆ ಕಡೆ ಸೈರನ್ ಕೂಗುತ್ತಿತ್ತು, ಎಮ್ಮೆ ಒದರುತ್ತಿತ್ತು, ಐದಾರು ಗಂಡಸರ ದನಿ ಕೇಳುತ್ತಿತ್ತು. ನಡುವೆ ಜೈನಾಬಿಯ ಮಾತು ಸ್ಪಷ್ಟವಾಗಿ ಬಂತು.

"ಅಕ್ಕಾ, ಕಳ್ಳ ಸಿಕ್ಕಾನ. ಜರಿ ರುಮಾಲ ಸುತ್ಕೊಂಡಾನ. ನಿಮ್ಮ ಅಣ್ಣಾರ ಅದಾರ."

ಮುಂದಿನ ಎರಡು ಸಾಲಿನವರೆಲ್ಲ ತಲೆಯೆತ್ತಿ ಅಣ್ಣಾಸಾಹೇಬರನ್ನು ಹುಡುಕಿದರು. ಅವರ ಕುರ್ಚಿ ಖಾಲಿಯಿತ್ತು. ಆಮೇಲೆ ತಿಳಿದದ್ದು ಇಷ್ಟು. ನಾಷ್ಟಾ ಮುಗಿದ ಮೇಲೆ ಅವರಿಗೆ ಕುಳಿತಲ್ಲಿ ಕುಳಿತುಕೊಳ್ಳಲು ಆಗಿಲ್ಲ. ಮನೆ ಬರಿದಾಗಿದೆ ಎಂಬ ಯೋಚನೆ ಹತ್ತಿಕೊಂಡಿದೆ. ಯಾರಿಗೂ ಹೇಳದೆ ಸಂಬಂಧಿಕರೊಬ್ಬರ ಮೋಟಾರ್‌ಸೈಕಲ್ ತೆಗೆದುಕೊಂಡು ಹೋಗಿದ್ದಾರೆ. ಒಮ್ಮೆ ನೋಡಿ ಮುಹೂರ್ತದೊಳಗೆ ಬಂದುಬಿಡುವ ಲೆಕ್ಕ, ಆದರೆ ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ತಡವಾಗಿದೆ. ಜೈನಾಬಿ ಕಂಡರೆ ನಗುತ್ತಾರೆಂದು ಮುಂಬಾಗಿಲಿಗೆ ಹೋಗದೆ, ಹಿಂದಿನಿಂದ ಬಂದು, ತಮ್ಮ ಬಳಿಯಿದ್ದ ಕೀಲಿಯಿಂದ ತಗಡಿನ ಕೋಣೆಯ ಬಾಗಿಲು ತೆರೆದಿದ್ದಾರೆ. ಮೂವತ್ತು ಸೆಕೆಂಡಿನ ಅವಕಾಶ ಆ ಬಾಗಿಲಿಗೆ ಇರಲಿಲ್ಲ. ಅಲಾರ್ಮ್ ಮನೆಯ ಯಜಮಾನ ಎಂದು ಮುಖ ನೋಡಲಿಲ್ಲ. ಕಲಿಸಿದ್ದನ್ನು ಮಾಡಿತು.

ಆ ಕಡೆ ಜೈನಾಬಿಯ ಫೋನ್ ಅಣ್ಣಾಸಾಹೇಬರ ಕೈಗೆ ಹೋಯಿತು. ಇದನ್ನು ಸುಮ್ಮನಾಗಿಸುವುದು ಹೇಗೆ, ನಂಬರ್ ಎಷ್ಟು ಎಂದು ಅವರು ಕೇಳುತ್ತಿದ್ದರು. ಕಲಾವತಿ ತನ್ನ ಫೋನಿನ ಆ್ಯಪಿನಿಂದ ಕುಳಿತಲ್ಲೇ ಸೈರನ್ ನಿಲ್ಲಿಸಬಹುದಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಹೊತ್ತಿಗೆ ವೇದಿಕೆಯ ಮೇಲೆ ಅಂತರಪಟ ಹಿಡಿದು ಮಂಗಲಾಷ್ಟಕ ಶುರು ಮಾಡಿದರು.

"ಅಣ್ಣಾ, ಮೂರ ಮಿನಿಟಿಗೆ ತಾನ ಸುಮ್ಮ ಆಗ್ತೈತಿ," ಎಂದಳು. "ನಾ ಅಕ್ಕಿಕಾಳ ಹಾಕಾಕತ್ತೀನಿ."

ಫೋನ್ ಬಂದ್ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎದ್ದು ಮುಂದೆ ಹೋದಳು. ಯಾರೂ ತಡೆಯಲಿಲ್ಲ, ಗಂಡ ಇಲ್ಲದವಳು ಮುಂದೆ ಬರಬಾರದೆಂಬುದು ಯಾರಿಗೂ ನೆನಪೂ ಆಗಲಿಲ್ಲ, ಎಲ್ಲರೂ ನಗು ತಡೆಯುವುದರಲ್ಲೇ ಇದ್ದರು. ಪ್ರತಿ ಸಲ ಸಾವಧಾನ ಎಂದಾಗಲೂ ಅವಳು ಸ್ವಲ್ಪ ಸ್ವಲ್ಪ ಅಕ್ಕಿ ಎಸೆದಳು. ಬೇಗ ಮುಗಿದುಬಿಡಬಾರದೆಂದು ಎಣಿಸಿ ಎಸೆಯುವಂತಿತ್ತು. ಅಂತರಪಟ ಸರಿದಾಗ ದೀಪಾಳ ಕಣ್ಣು ಗಂಡನಿಗಿಂತ ಮೊದಲು ಅತ್ತೆಯ ಮೇಲೆ ಬಿತ್ತು. ಮದುಮಗಳು ಅತ್ತಳೋ ಇಲ್ಲವೋ ಎಂದು ಆ ದಿನ ಕಲಾವತಿ ಯಾರನ್ನೂ ಕೇಳಬೇಕಾಗಲಿಲ್ಲ. ದೀಪಾ ಗಟ್ಟಿಯಾಗಿ ನಗುತ್ತಿದ್ದಳು. ಅತ್ತವಳು ಕಲಾವತಿ, ನಂತರ ನಾನು.

ಅಣ್ಣಾಸಾಹೇಬರು ಬಂದಾಗ ಎರಡು ಗಂಟೆ. ಊಟದ ಕಡೆಯ ಪಂಕ್ತಿ ನಡೆದಿತ್ತು. ಕಲಾವತಿ ಅವರಿಗೆಂದು ಪಕ್ಕದಲ್ಲಿ ಒಂದು ಜಾಗ ಹಿಡಿದಿಟ್ಟಿದ್ದಳು. ತಮ್ಮನ ಮಗಳ ಮದುವೆಯ ಅಕ್ಕಿಕಾಳು ಅವರ ಕೈಯಿಂದ ಬೀಳಲಿಲ್ಲ. ಹಾಸ್ಯ ಮಾಡಲು ಬಾಯಿ ತೆರೆದವರು ಅವರ ಮುಖ ನೋಡಿ ಎಲೆಗೆ ಹೋಳಿಗೆ ಬಡಿಸಿ ಮುಂದೆ ಹೋದರು. ಎರಡು ತುತ್ತು ಉಂಡ ಮೇಲೆ ಅವರು ಎಲೆಯ ಮೇಲಿಂದ ಕಣ್ಣೆತ್ತದೆ ಮಾತಾಡಿದರು. ಸೈರನ್ ನಿಂತು, ಮಂದಿ ಚದುರಿದ ಮೇಲೆ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದರಂತೆ. ಇಲ್ಲಿ ಎಲ್ಲರೂ ಏನು ಮಾಡುತ್ತಿರಬಹುದು ಎಂದು ಯೋಚಿಸುತ್ತ ಕುಳಿತಿದ್ದರಂತೆ.

"ಇಷ್ಟ ವರ್ಷ ನೀ ಹಿಂಗ ಕುಂದರತಿದ್ದೇನು?" ಎಂದು ಕೇಳಿದರು.

"ಇಲ್ಲಣ್ಣಾ, ನಾ ಒಳಗ ಫ್ಯಾನ್ ಹಚ್ಕೊಂಡ ಕುಂದರತಿದ್ದೆ," ಎಂದಳು ಕಲಾವತಿ. "ಹೋಳಿಗಿ ಬಿಸಿ ಐತಿ, ಉಣ್ಣು."

ಅವರು ಉಂಡರು. ಕೈತೊಳೆದು ಬಂದ ಮೇಲೆ ಕಾರ್ಯಾಲಯದ ಮೆಟ್ಟಿಲ ಮೇಲೆ ತಂಗಿಯ ಪಕ್ಕ ಕುಳಿತು, ಕನ್ನಡಕ ಹಾಕಿಕೊಂಡು, ಆ ನಾಲ್ಕು ಅಂಕಿಯನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದರು. ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಳ್ಳಲು ಹೋದಾಗ ಅವಳು ಬಿಡಲಿಲ್ಲ. ಗುಪ್ತ ಅಂಕಿಯನ್ನು ಹಾಗೆ ಬರೆಯಬಾರದೆಂದು ನಾನೇ ಮೊದಲ ದಿನ ಹೇಳಿಕೊಟ್ಟಿದ್ದೆ.

ಈಗ ನಾನು ನಿವೃತ್ತಳು. ಆದರೂ ಈ ಸೀಮೆಯ ರಾಯಬಾಗದಿಂದ, ಅಕ್ಕೋಳದಿಂದ ಯಾರಾದರೂ ಇಂಥ ಕಿಟ್ ತರಿಸಿ ಕರೆದರೆ ಹೋಗುತ್ತೇನೆ. ದೂರವಾದರೆ ಕಲಾವತಿಯ ನಂಬರ್ ಕೊಡುತ್ತೇನೆ. ಕಾಗವಾಡದ ಸುತ್ತ ಅವಳೇ ಹತ್ತಾರು ಮನೆಗೆ ಕೂಡಿಸಿದ್ದಾಳೆ, ಜೈನಾಬಿ ಡ್ರಿಲ್ ಹಿಡಿಯುತ್ತಾರೆ. ಇಪ್ಪತ್ತೊಂಬತ್ತು ವರ್ಷ ನಾನು ಯಂತ್ರವನ್ನು ಬಲ್ಲವರು ಯಜಮಾನರು, ಮನೆಯವರು ಬರೀ ಬಳಸುವವರು ಎಂದು ತಿಳಿದೇ ಪಾಠ ಹೇಳಿದ್ದೆ. ಆ ತೋಟದ ಮನೆ ಅದನ್ನು ತಿದ್ದಿತು. ಈಗ ಯಾವ ಮನೆಗೆ ಹೋದರೂ ಪೆಟ್ಟಿಗೆ ತೆರೆಯುವ ಮೊದಲು, ಎಲ್ಲರೂ ಊರಿಗೆ ಹೋದಾಗ ಇಲ್ಲಿ ಉಳಿಯುವವರು ಯಾರು ಎಂದು ವಿಚಾರಿಸುತ್ತೇನೆ. ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ, ಹೆಚ್ಚಾಗಿ ಮಾತಾಡದೆ ಹಿಂದೆ ನಿಂತಿರುತ್ತಾರೆ. ಕೆಲಸ ಅವರಿಂದಲೇ ಕಲಿಯಬೇಕು, ಅವರಿಗಾಗಿಯೇ ಮಾಡಬೇಕು.

ಹೋದ ಚಳಿಗಾಲದಲ್ಲಿ ಕಲಾವತಿಯಿಂದ ನನಗೊಂದು ಫೋಟೋ ಬಂತು. ಗೋವಾದ ಸಮುದ್ರ, ದಂಡೆಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತ ಇಬ್ಬರು ಹೆಂಗಸರು, ಅವಳು ಮತ್ತು ಜೈನಾಬಿ. ಮನೆಗೆ ಅಲಾರ್ಮ್ ಹಚ್ಚಿ ಬಂದಿರೇನು ಎಂದು ಕೇಳಿ ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು.

"ಇಲ್ರಿ ಬಾಯಾರ. ಎಲ್ಲಾರೂ ಮನ್ಯಾಗ ಅದಾರ. ನಾ ಅಷ್ಟ ಇಲ್ಲ."